ನಂಬರ್ ಪ್ಲೇಟ್ ಭಾವ

ಗಾಡಿಯ ನಂಬರ್ ಪ್ಲೇಟ್ ಕಳೆದುಹೋದರೆ ಏನು ಮಾಡಬೇಕು ಅಂತ ನನ್ನನ್ನು ಕೇಳಿ. ನನಗಿರುವುದು ಒಂದೇ ಒಂದು ಹಳೇ ಸ್ಕೂಟರು, ಅದರ ಪ್ಲೇಟು ಇವತ್ತಿನವರೆಗೆ ಅಲ್ಲಾಡಿಲ್ಲ. ಆದರೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತೇನೆ. ಮೊದಲು, ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಆಮೇಲೆ ಪೊಲೀಸ್ ಸ್ಟೇಷನ್‌ಗೆ ಹೋಗಿ ದೂರು ಕೊಡಿ. ಯಾಕೆಂದರೆ ನಿಮ್ಮ ನಂಬರನ್ನು ಅಂಟಿಸಿಕೊಂಡು ಯಾವನೋ ಕಳ್ಳತನಕ್ಕೆ ಹೊರಟರೆ ಪೊಲೀಸರು ಬಂದು ತಟ್ಟುವುದು ನಿಮ್ಮ ಬಾಗಿಲನ್ನು. ದೂರಿನ ರಸೀದಿ ಹಿಡಿದು ಸಾರಿಗೆ ಕಚೇರಿಗೆ ಹೋಗಿ, ಉಳಿದ ಇನ್ನೊಂದು ಪ್ಲೇಟನ್ನೂ ಬಿಚ್ಚಿ ಒಪ್ಪಿಸಿ, ಹೊಸ ಜೋಡಿ ಬರುವವರೆಗೆ ತೆಪ್ಪಗೆ ಕಾಯಿರಿ. ಇಷ್ಟೂ ನನಗೆ ಬಾಯಿಪಾಠವಾಗಿರುವುದು ನಮ್ಮ ಭಾವನ ಕೃಪೆ. ಭಾವ ಅಂದರೆ ನನ್ನ ಅಕ್ಕನ ಗಂಡ.

ಭಾವ ಸಾರಿಗೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೆಲಸಕ್ಕೆ ಸೇರಿದ ದಿನ ಅವರನ್ನು ಕಳೆದುಹೋದ ಪ್ಲೇಟುಗಳ ಕಿಟಕಿಯ ಹಿಂದೆ ಕೂರಿಸಿದರು. ನಿವೃತ್ತಿಯ ದಿನ ಅದೇ ಕಿಟಕಿಯಿಂದ ಎಬ್ಬಿಸಿದರು. ಮಧ್ಯೆ ಬಡ್ತಿ ಬಂದಿರಲಿಲ್ಲವೆಂದಲ್ಲ, ಬಂದಿತ್ತು. ಒಳಗಿನ ಕೋಣೆಯಲ್ಲಿ ದೊಡ್ಡ ಮೇಜು, ತಿರುಗುವ ಕುರ್ಚಿ. ಭಾವ ಬೇಡವೆಂದರು. ಒಳಗೆ ಕೂತರೆ ಬೈಸಿಕೊಳ್ಳುವುದಕ್ಕೆ ಯಾರು ಸಿಗುತ್ತಾರೆ? ಕಿಟಕಿಯ ಎದುರಾದರೆ ಬೆಳಗ್ಗೆಯಿಂದ ಸಂಜೆವರೆಗೆ ಸಾಲು ನಿಂತಿರುತ್ತದೆ, ಕೈ ಮುಗಿದುಕೊಂಡು.

“ಎಲ್ಲಿ ಬಿತ್ತು?” ಅನ್ನುವುದು ಅವರ ಮೊದಲ ಪ್ರಶ್ನೆ.

“ಗೊತ್ತಿಲ್ಲ ಸಾರ್.”

“ಗೊತ್ತಿಲ್ಲದೆ ಬೀಳೋಕೆ ಅದೇನು ಹಾಲು ಹಲ್ಲೇನ್ರೀ? ಪ್ಲೇಟು ತಾನಾಗಿ ಬೀಳಲ್ಲ. ಯಾರಾದ್ರೂ ಬಿಚ್ಚಬೇಕು, ಇಲ್ಲಾ ನೀವು ಬೀಳಿಸಬೇಕು. ಮೊದಲು ಪೊಲೀಸ್ ಸ್ಟೇಷನ್‌ಗೆ ಹೋಗಿ ಬನ್ನಿ.”

ಸ್ಟೇಷನ್‌ಗೆ ಹೋಗಿ ಬಂದವರಿಗೂ ಬಿಡುಗಡೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಭಾವ ತಮ್ಮದೇ ಒಂದು ಪದ್ಧತಿ ಹುಟ್ಟುಹಾಕಿದ್ದರು. ಅದಕ್ಕೆ ಕಚೇರಿಯಲ್ಲೆಲ್ಲ ‘ಕಾಯೋ ತಿಂಗಳು’ ಅಂತ ಹೆಸರು. ದೂರು ಕೊಟ್ಟ ಮೇಲೂ ಒಂದು ತಿಂಗಳು ಅರ್ಜಿಯನ್ನು ಮುಟ್ಟುವ ಹಾಗಿಲ್ಲ. ಯಾಕೆ? ಕಳೆದದ್ದು ಸಿಕ್ಕಿಬಿಟ್ಟರೆ? ಸರ್ಕಾರಕ್ಕೆ ದಂಡವಲ್ಲವೇ? ಇದು ಯಾವ ಕಾನೂನು ಪುಸ್ತಕದಲ್ಲೂ ಇರಲಿಲ್ಲ. ಭಾವನ ತಲೆಯಲ್ಲಿ ಹುಟ್ಟಿ, ಬಾಯಿಂದ ಇಳಿದು, ಕಚೇರಿಯ ಗೋಡೆಯ ಮೇಲೆ ಬೋರ್ಡಾಗಿ ಕೂತಿತ್ತು. ಮೇಲಿನವರೂ ಅದನ್ನು ಕಾನೂನೇ ಅಂದುಕೊಂಡು ನಂಬಿದ್ದರು.

ಮನೆಗೆ ಬಂದ ಮೇಲೂ ಅವರು ಕಿಟಕಿಯಿಂದ ಎದ್ದಿರಲಿಲ್ಲ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಎಲ್ಲರೂ ಅಳುತ್ತ ಕೂತಿದ್ದಾರೆ, ಭಾವ ಅಂಗಳದಲ್ಲಿ ನಿಂತಿದ್ದ ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಪ್ಲೇಟು ಅಲ್ಲಾಡಿಸಿ ನೋಡುತ್ತಿದ್ದಾರೆ. ಒಳಗೆ ಬಂದು ಚಿಕ್ಕಮ್ಮನ ಹತ್ತಿರ ಮೆಲ್ಲಗೆ ಹೇಳಿದರು: “ಸಡಿಲ ಆಗಿದೆ ಚಿಕ್ಕಮ್ಮ. ಬಿದ್ದುಹೋದ್ರೆ ದೂರು ಕೊಡೋಕೆ ಮಾಲೀಕರೇ ಬರಬೇಕಾಗುತ್ತೆ. ನೋಡ್ಕೊಳಿ.” ಪಾಪ ಚಿಕ್ಕಮ್ಮ, ಅಳುವುದನ್ನೇ ಮರೆತು ಅವರ ಮುಖ ನೋಡಿದಳು. ಅವತ್ತಿನಿಂದ ನಮ್ಮ ಬಳಗದಲ್ಲಿ ಅವರಿಗೆ ನಂಬರ್ ಪ್ಲೇಟ್ ಭಾವ ಅನ್ನುವ ಹೆಸರು ಅಂಟಿಕೊಂಡಿತು.

ಒಂದು ಗುಣವನ್ನು ಒಪ್ಪಿಕೊಳ್ಳಬೇಕು. ಮನುಷ್ಯ ಬಲು ಅಚ್ಚುಕಟ್ಟು. ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಸ್ಕ್ರೂ ಡ್ರೈವರ್. ಮನೆಯಲ್ಲಿ ಏನೇ ಬಿಚ್ಚಲಿ, ಬಿಚ್ಚಿದ ಸ್ಕ್ರೂವನ್ನು ಆ ಕ್ಷಣವೇ ಅದೇ ತೂತಿಗೆ ತಿರುಗಿಸಿ ಇಟ್ಟುಬಿಡುವುದು ಅವರ ಕೈಗೆ ಹತ್ತಿದ ಅಭ್ಯಾಸ. “ಸ್ಕ್ರೂ ಕಳ್ಕೊಳೋನು ಮಾನಾನೂ ಕಳ್ಕೋತಾನೆ” ಅನ್ನುತ್ತಿದ್ದರು. ಒಮ್ಮೆ ಗೋಡೆಯಿಂದ ಹಳೇ ಕನ್ನಡಿ ತೆಗೆದು ಗುಜರಿಗೆ ಕೊಟ್ಟರು. ಸ್ಕ್ರೂ ಮಾತ್ರ ಖಾಲಿ ಗೋಡೆಯಲ್ಲಿ ಮೊದಲಿನಂತೆಯೇ ಕೂತಿದ್ದವು. ಅಕ್ಕ ಅವಕ್ಕೆ ಒದ್ದೆ ಟವೆಲ್ ತೂಗುಹಾಕುತ್ತಿದ್ದಳು.

ಇನ್ನು ಅವರ ಕಾರಿನ ವಿಷಯ. ಚಿಕ್ಕದೊಂದು ಕಾರು, ಬೂದು ಬಣ್ಣದ್ದು. ಅದರ ಸ್ಟೇರಿಂಗನ್ನು ಭಾವ ಬಿಟ್ಟರೆ ಬೇರೆ ನರಪಿಳ್ಳೆ ಮುಟ್ಟಿರಲಿಲ್ಲ. ಅಕ್ಕ ಪಕ್ಕದ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವವಳು. ಕಾರು ಹೊರಡುವುದು ಭಾವನಿಗೆ ಕೆಲಸವಿದ್ದಾಗ, ಹೋಗುವುದು ಭಾವನಿಗೆ ಕೆಲಸವಿದ್ದ ಕಡೆ.

ನಮ್ಮಮ್ಮ ಇರುವುದು ನನ್ನ ಮನೆಯಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕಿಟಕಿಯ ಹತ್ತಿರ ನನ್ನ ಮಿಷನ್, ಅದರ ಪಕ್ಕದಲ್ಲಿ ಅಮ್ಮನ ಕುರ್ಚಿ. ಅಮ್ಮನಿಗೆ ವಯಸ್ಸಾಗಿ ಮರೆವು ಶುರುವಾಗಿತ್ತು. ಮೊದಲು ವಸ್ತುಗಳು ಮರೆತುಹೋದವು, ಆಮೇಲೆ ಬೀದಿ, ಆಮೇಲೆ ಮನುಷ್ಯರು. ಅಕ್ಕ ಬಂದರೆ ಕೈ ಹಿಡಿದುಕೊಂಡು ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಎಲ್ಲಿಂದಲೋ ಗುರುತು ಬಂದು “ಅಯ್ಯೋ, ನೀನೇನೇ!” ಅನ್ನುತ್ತಿದ್ದಳು. ಆಗ ಇಬ್ಬರಿಗೂ ಮಾತು ಹರಿಯಬೇಕು. ಸರಿಯಾಗಿ ಅದೇ ಹೊತ್ತಿಗೆ ಹೊರಗಿನಿಂದ ಕೀಲಿಕೈ ಆಡಿಸುವ ಸದ್ದು.

“ಏನೇ, ಹೊರಡೋಣ್ವಾ? ಟ್ರಾಫಿಕ್ಕು ಶುರುವಾಗುತ್ತೆ.”

ಅಕ್ಕ ಎದ್ದುಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು, ಎರಡು ಬಸ್ಸು ಬದಲಿಸಬೇಕಿತ್ತು. ಅಕ್ಕನಿಗೆ ಬಸ್ಸು ಹತ್ತಿದರೆ ವಾಂತಿ. ಟ್ಯಾಕ್ಸಿಯಲ್ಲೂ ಅದೇ ಗತಿ. ಅಲ್ಲದೆ “ಮನೇಲಿ ಕಾರಿಟ್ಕೊಂಡು ಬಾಡಿಗೆ ಗಾಡೀಲಿ ಹೋಗ್ತಾರಾ? ನೋಡಿದೋರು ಏನಂತಾರೆ?” ಅನ್ನುವ ಭಾವನ ಮಂತ್ರ ಬೇರೆ. ನಾನು ಸ್ಕೂಟರಿನಲ್ಲಿ ಹೋಗಿ ಕರೆತರೋಣವೆಂದರೆ ಅಮ್ಮನನ್ನು ಒಬ್ಬಳೇ ಬಿಡುವಂತಿಲ್ಲ. ಹೀಗಾಗಿ ಅಮ್ಮನನ್ನು ನೋಡುವ ಭಾಗ್ಯ ಅಕ್ಕನಿಗೆ ಸಿಗುತ್ತಿದ್ದದ್ದು, ಭಾವನಿಗೆ ನಮ್ಮ ಕಡೆ ಏನಾದರೂ ಕೆಲಸ ಬಿದ್ದಾಗ ಮಾತ್ರ.

ಒಂದು ಸಲ ಹಾಗೆ ಬಂದಾಗ, ಅಮ್ಮನಿಗೆ ಗುರುತು ಬರುವ ಮೊದಲೇ ಕೀಲಿಕೈ ಸದ್ದು ಬಂತು. ಅಕ್ಕ ಎದ್ದಳು. ಅಮ್ಮ “ಹೋಗಿ ಬಾಮ್ಮ, ನಿಮ್ಮನೇಲಿ ಎಲ್ರನ್ನೂ ಕೇಳಿದೆ ಅಂತ ಹೇಳು” ಅಂದಳು, ಯಾರೋ ಪಕ್ಕದ ಮನೆಯವಳಿಗೆ ಅಂದ ಹಾಗೆ. ಅಕ್ಕ ಹೋಗಿ ಕಾರಿನಲ್ಲಿ ಕೂತಳು.

ಮಾರನೇ ವಾರ ನನಗೆ ಫೋನು ಮಾಡಿದಳು. “ನಾನು ಕಾರು ಕಲೀತಿದೀನಿ ಕಣೇ. ಯಾರಿಗೂ ಹೇಳ್ಬೇಡ.”

“ಈ ವಯಸ್ಸಲ್ಲಾ?”

“ಇನ್ಯಾವ ವಯಸ್ಸಲ್ಲಿ? ಅಮ್ಮಂಗೆ ನಾನು ಯಾರು ಅಂತ ಪೂರ್ತಿ ಮರೆತು ಹೋಗೋದ್ರೊಳಗೆ ನಾನಾಗಿ ನಾನು ಬಂದು, ಅವಳ ಪಕ್ಕ ಸಾಯಂಕಾಲದವರೆಗೂ ಕೂತ್ಕೋಬೇಕು. ಅಷ್ಟೇ ಕಣೇ ನಂಗೆ ಬೇಕಿರೋದು.”

ಭಾವ ಮಧ್ಯಾಹ್ನ ಊಟ ಮಾಡಿ ಗೊರಕೆ ಹೊಡೆಯುವ ಹೊತ್ತಿನಲ್ಲಿ ಅಕ್ಕ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿದ್ದಳು. ಕಲಿಸುವವಳು ಒಬ್ಬ ಗಟ್ಟಿಗಿತ್ತಿ ಮೇಡಂ. ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ತುಳಿದರೆ ತೊಡೆಗೇ ಒಂದು ಬಿಡುವವಳು. ಅಕ್ಕ ಎಲ್ಲ ಸಹಿಸಿಕೊಂಡು ಕಲಿತಳು. ಸ್ಟೇರಿಂಗ್ ಹಿಡಿದ ದಿನದಿಂದ ಅವಳಿಗೆ ಗಾಡಿಯಲ್ಲಿ ವಾಕರಿಕೆಯೂ ನಿಂತುಹೋಯಿತು. “ಓಡಿಸೋರಿಗೆ ವಾಂತಿ ಬರಲ್ವಂತೆ ಕಣೇ, ಪಕ್ಕದಲ್ಲಿ ಕೂರೋರಿಗೇ ಬರೋದಂತೆ” ಅಂದಳು. ಇಷ್ಟು ವರ್ಷ ಪಕ್ಕದಲ್ಲಿ ಕೂತವಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ತೊಡಕು ಬಂದದ್ದು ಪರೀಕ್ಷೆಗೆ. ಸ್ಕೂಲಿನ ಕಾರು ಕಲಿಯುವುದಕ್ಕೆ ಮಾತ್ರ. ಲೈಸೆನ್ಸ್ ಪರೀಕ್ಷೆಗೆ ಗಾಡಿ ಮನೆಯಿಂದಲೇ ತರಬೇಕು. ಶುಕ್ರವಾರ ಪರೀಕ್ಷೆ. ತಪ್ಪಿದರೆ ಮತ್ತೆ ದಿನ ಸಿಗುವುದು ಎಷ್ಟೋ ತಿಂಗಳ ಮೇಲೆ, ಅಷ್ಟು ಜನ ಕಾದಿದ್ದಾರೆ. ಅಕ್ಕ ಆ ವಾರದ ಮೊದಲಲ್ಲಿ ಧೈರ್ಯ ಮಾಡಿ ಭಾವನಿಗೆ ಹೇಳಿದಳು.

ಭಾವ ಮೊದಲು ನಕ್ಕರಂತೆ. ಆಮೇಲೆ ನಗು ನಿಂತಿತಂತೆ. “ನಿಂಗ್ಯಾಕೆ ಈ ಉಸಾಬರಿ? ನಾನು ಕರ್ಕೊಂಡು ಹೋಗ್ತಿಲ್ವಾ? ಓಡಿಸೋಕೆ ಕಲಿತ ಹೆಂಗಸರು ಮನೇಲಿ ನಿಲ್ತಾರಾ?” ಅಂದರಂತೆ. ಅಕ್ಕ ನಿಂತ ಜಾಗದಿಂದ ಕದಲಲಿಲ್ಲ. ಕೊನೆಗೆ ಭಾವ “ಆಗ್ಲಿ, ಶುಕ್ರವಾರ ತಾನೇ, ನೋಡೋಣ” ಅಂದರು. ಅಷ್ಟು ಸಲೀಸಾಗಿ ಅವರು ಯಾವುದಕ್ಕೂ ಆಗಲಿ ಅಂದವರಲ್ಲ. ಸಂಶಯ ಬರಬೇಕಿತ್ತು, ಅಕ್ಕನಿಗೆ ಬರಲಿಲ್ಲ. ಖುಷಿಯಲ್ಲಿದ್ದಳು.

ಗುರುವಾರ ಬೆಳಗ್ಗೆ ಅಕ್ಕನ ಫೋನು ಬಂತು. “ಕಾರಿನ ಹಿಂದಿನ ನಂಬರ್ ಪ್ಲೇಟೇ ಇಲ್ಲ ಕಣೇ. ಯಾರೋ ಕದ್ದಿದಾರಂತೆ. ಪ್ಲೇಟಿಲ್ದೆ ಪರೀಕ್ಷೆ ಮೈದಾನದ ಒಳಗೇ ಬಿಡಲ್ಲ.”

ಪಕ್ಕದ ಮನೆಯ ನರ್ಸಮ್ಮನಿಗೆ ಅವತ್ತು ಪುಣ್ಯಕ್ಕೆ ರಜೆ. ಅಮ್ಮನನ್ನು ಅವಳ ಸುಪರ್ದಿಗೆ ಬಿಟ್ಟು ಸ್ಕೂಟರ್ ಹತ್ತಿದೆ. ಹೋಗಿ ನೋಡಿದರೆ ಭಾವ ಅಂಗಳದಲ್ಲಿ, ಕಾರಿನ ಪಕ್ಕ, ಕೈ ಹಿಂದೆ ಕಟ್ಟಿಕೊಂಡು ಶತಪಥ ತಿರುಗುತ್ತಿದ್ದಾರೆ. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕಣ್ಣು ಕೆಂಪಗಾಗಿದೆ.

“ಕಾಲ ಕೆಟ್ಟೋಯ್ತಮ್ಮ,” ಅಂದರು ಭಾವ ನನ್ನನ್ನು ನೋಡಿದ ಕೂಡಲೇ. “ಗೇಟಿನ ಒಳಗೆ ನಿಂತ ಗಾಡಿಗೂ ರಕ್ಷಣೆ ಇಲ್ಲ. ನಾಳೆ ಇದನ್ನ ರಸ್ತೆಗೆ ಇಳಿಸೋ ಹಾಗೇ ಇಲ್ಲ. ಇಳಿಸಿದ್ರೆ ಅಪರಾಧ. ನಂಗೆ ಗೊತ್ತಿಲ್ದೇ ಇರೋ ವಿಷಯಾನಾ?”

“ಹಾಗಾದ್ರೆ ಏಳಿ ಭಾವ, ಪೊಲೀಸ್ ಸ್ಟೇಷನ್‌ಗೆ ಹೋಗೋಣ,” ಅಂದೆ.

ಭಾವ ನಿಂತರು. “ಪೊಲೀಸ್ ಯಾಕೆ? ಅವಸರ ಏನಿದೆ? ನಾಲ್ಕು ದಿನ ಹುಡುಕೋಣ. ಒಂದು ಪ್ಲೇಟಿಗೋಸ್ಕರ ಸ್ಟೇಷನ್ ಮೆಟ್ಲು ಹತ್ತೋದಾ, ಮಾನವಂತರು?”

ನನಗೆ ಕಿವಿ ನಂಬಲಾಗಲಿಲ್ಲ. ಜೀವಮಾನವಿಡೀ ಊರಿಗೆ ಊರನ್ನೇ ಸ್ಟೇಷನ್ ಮೆಟ್ಟಿಲು ಹತ್ತಿಸಿದ ಬಾಯಿ ಇದು! ಬಸುರಿಯರನ್ನು ಕಳಿಸಿದ್ದಾರೆ, ಕೋಲೂರಿಕೊಂಡು ಬಂದ ಮುದುಕರನ್ನು ಕಳಿಸಿದ್ದಾರೆ. ಈಗ ಮಾನವಂತರಂತೆ.

ನಾನು ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದೆ. ಪ್ಲೇಟಿದ್ದ ಜಾಗ ಧೂಳಿಲ್ಲದೆ ಬೆಳ್ಳಗಿತ್ತು. ನಾಲ್ಕು ಮೂಲೆಯ ನಾಲ್ಕು ತೂತುಗಳಲ್ಲಿ ನಾಲ್ಕು ಸ್ಕ್ರೂಗಳು ವಾಷರ್ ಸಮೇತ ವಾಪಸ್ ಕೂತಿದ್ದವು. ಬೆರಳಿನಿಂದ ತಿರುಗಿಸಿ ನೋಡಿದೆ. ಬಿಗಿಯಾಗಿದ್ದವು.

“ಅಕ್ಕಾ, ಇಲ್ಲಿ ಬಾ ಸ್ವಲ್ಪ,” ಅಂತ ಕೂಗಿದೆ. “ನಮ್ಮೂರಿನ ಕಳ್ಳರು ಎಷ್ಟು ಒಳ್ಳೆ ಮನೆತನದೋರು ನೋಡು. ಪ್ಲೇಟು ತಗೊಂಡು, ಸ್ಕ್ರೂ ಮಾತ್ರ ಅದರದರ ಜಾಗಕ್ಕೆ ಹಾಕಿ ಬಿಗಿ ಮಾಡಿ ಹೋಗಿದಾರೆ. ಪಾಪ, ಕಳೆದುಹೋದೀತು ಅಂತ ಇರ್ಬೇಕು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು, ಸ್ಕ್ರೂ ಡ್ರೈವರ್ ಇರುವ ಜೇಬಿಗೆ. ಅಕ್ಕ ಬಂದಳು, ಬಗ್ಗಿದಳು, ನೋಡಿದಳು. ಎಷ್ಟೋ ಹೊತ್ತು ಬಗ್ಗಿಯೇ ಇದ್ದಳು. ಎದ್ದಾಗ ಅವಳ ಮುಖದಲ್ಲಿ ಅಳು ಇರಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ, ಅಂಥ ಮುಖ ನೋಡಿರಲಿಲ್ಲ.

“ಚಪ್ಪಲಿ ಹಾಕ್ಕೊಳ್ರೀ,” ಅಂದಳು ಭಾವನಿಗೆ. “ಮೊದಲು ಪೊಲೀಸ್ ಸ್ಟೇಷನ್. ನೀವೇ ತಾನೇ ಹೇಳ್ತಿದ್ದದ್ದು? ಕಾರು ನಿಮ್ಮ ಹೆಸರಲ್ಲಿದೆ. ಮಾಲೀಕರೇ ಬರಬೇಕು.”

ಸ್ಟೇಷನ್ ಇದ್ದದ್ದು ಹಿಂದಿನ ಬೀದಿಯಲ್ಲೇ. ಅಕ್ಕ ಮುಂದೆ, ಭಾವ ಮಧ್ಯೆ, ನಾನು ಹಿಂದೆ. ಆರೋಪಿಯನ್ನು ಕರೆದುಕೊಂಡು ಹೋಗುವುದು ಹಾಗೆಯೇ ಇರಬೇಕು. ಮೆಟ್ಟಿಲ ಬುಡದಲ್ಲಿ ಅಕ್ಕ ನಿಂತು ತಿರುಗಿದಳು. ದನಿ ತಗ್ಗಿಸಿ ಹೇಳಿದಳು, “ಇನ್ನೊಂದ್ಸಲ ಮನೇಲಿ ಹುಡುಕಿ ನೋಡ್ತೀರಾ? ಸಿಕ್ಕಿದ್ರೆ ಎಲ್ಲಿತ್ತು, ಹೇಗೆ ಬಂತು, ಒಂದೂ ಕೇಳಲ್ಲ ನಾನು. ಸಂಜೆಯೊಳಗೆ ಹಾಕ್ಬಿಡಿ, ಸಾಕು. ನಾಳೆ ಪರೀಕ್ಷೆ ಮುಗಿಸ್ಕೊಂಡು ಅಮ್ಮನ ಹತ್ರ ಹೋಗೋಣ.”

ಒಂದು ನಿಮಿಷ ಭಾವನ ಬಾಯಿ ತೆರೆಯಿತು. ತಪ್ಪಾಯಿತು ಅನ್ನುವುದು ನಾಲಿಗೆಯ ತುದಿಗೆ ಬಂದಂತಿತ್ತು. ಅಷ್ಟರಲ್ಲಿ ಒಳಗಿನಿಂದ ಬಂದ ಒಬ್ಬ ಪೇದೆ ಅವರ ಗುರುತು ಹಿಡಿದು, “ಓಹೋ, ಪ್ಲೇಟ್ ಸಾಹೇಬ್ರು! ನೀವು ಕಳಿಸ್ತಿದ್ದ ಜನದಿಂದ ನಮಗೆ ದಿನಾ ಹಬ್ಬ ಇತ್ತು, ಏನ್ ಸಾರ್ ಈ ಕಡೆ?” ಅಂದುಬಿಟ್ಟ. ಭಾವನ ಬೆನ್ನು ನೆಟ್ಟಗಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

“ಮನೇಲಿ ಯಾಕಿರುತ್ತೆ? ಕಳುವಾಗಿದೆ ಅಂದ್ಮೇಲೆ ಕಳುವಾಗಿದೆ,” ಅಂದವರೇ ದಡದಡ ಮೆಟ್ಟಿಲು ಹತ್ತಿದರು.

ದೂರು ಬರೆದುಕೊಳ್ಳಲು ಕೂತಿದ್ದವಳು ಒಬ್ಬ ಹೆಂಗಸು, ದಪ್ಪ ಕನ್ನಡಕದವಳು. ಭಾವ ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಕೊನೆಗೆ ತಲೆಯೆತ್ತಿ ಕೇಳಿದಳು, “ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಇಲ್ಲ, ಇಲ್ಲ. ಯಾರ ಮೇಲೂ ಇಲ್ಲ.”

“ಯೋಚ್ನೆ ಮಾಡಿ ಹೇಳಿ. ಇಂಥದ್ರಲ್ಲಿ ಗೊತ್ತಿರೋರೇ ಇರೋದು ಜಾಸ್ತಿ.”

“ಹೌದು ರೀ, ಯೋಚ್ನೆ ಮಾಡಿ ಹೇಳಿ,” ಅಂದಳು ಅಕ್ಕ.

ಭಾವ ಕನ್ನಡಕದವಳನ್ನು ನೋಡಿದರು, ಅಕ್ಕನನ್ನು ನೋಡಿದರು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ನಾನು ಎಷ್ಟು ತಡೆದುಕೊಂಡರೂ ಬಾಯಿ ಕೇಳಲಿಲ್ಲ. “ಮೇಡಂ, ಅಕಸ್ಮಾತ್ ಆ ಪ್ಲೇಟು ಯಾರದ್ದಾದ್ರೂ ಮನೇಲಿ ಸಿಕ್ಕಿದ್ರೆ ಏನು ಮಾಡ್ತೀರಿ?” ಅಂದೆ.

“ಏನು ಮಾಡ್ತೀವಿ, ಎಳ್ಕೊಂಡು ಬಂದು ಒಳಗೆ ಹಾಕ್ತೀವಿ. ಸುಳ್ಳು ದೂರು ಅಂತ ಗೊತ್ತಾದ್ರೆ ಕೊಟ್ಟೋರನ್ನೂ ಬಿಡಲ್ಲ. ಸೈನ್ ಮಾಡಿ ಸಾರ್.”

ಭಾವ ಸೈನು ಹಾಕಿದರು. ಆ ಗಳಿಗೆಯಿಂದ ಪ್ಲೇಟು ನಿಜವಾಗಿ ಕಳೆದುಹೋಯಿತು. ಇನ್ನು ಅವರು ಮನಸ್ಸು ಮಾಡಿದರೂ ಅದನ್ನು ಹೊರಗೆ ತೆಗೆಯುವಂತಿರಲಿಲ್ಲ.

ಅಲ್ಲಿಂದ ಸಾರಿಗೆ ಕಚೇರಿ. ಅದೇ ಕಿಟಕಿ, ಅದೇ ಕಬ್ಬಿಣದ ಜಾಲರಿ. ಹಿಂದೆ ಕೂತಿದ್ದ ಗುಮಾಸ್ತೆ ಭಾವನ ಕೈಕೆಳಗೇ ಪಳಗಿದವಳು. ಭಾವನನ್ನು ಕಂಡು ಎದ್ದು ನಿಂತಳು. ನಮಸ್ಕಾರ ಮಾಡಿದಳು, ಯೋಗಕ್ಷೇಮ ಕೇಳಿದಳು. ರಸೀದಿ ನೋಡಿ ಕೂತುಕೊಂಡಳು. “ಎಲ್ಲಿ ಬಿತ್ತು ಸಾರ್?” ಅಂತ ಕೇಳಿದಳು.

“ಬಿದ್ದಿಲ್ಲಮ್ಮ, ಕಳುವಾಗಿದೆ. ಸ್ವಲ್ಪ ಬೇಗ ಮಾಡ್ಕೊಡೋಕಾಗುತ್ತಾ? ನಮ್ಮನೆಯವ್ರಿಗೆ ನಾಳೆ ಪರೀಕ್ಷೆ ಇತ್ತು.”

ಇದನ್ನು ಅವರು ಹೇಳಿದ್ದು ನಿಜ. ದನಿಯೂ ಸಣ್ಣದಾಗಿತ್ತು. ಇಷ್ಟರಮಟ್ಟಿಗೆ ಹೋಗುತ್ತದೆಂದು ಅವರೂ ಅಂದುಕೊಂಡಿರಲಿಲ್ಲ ಅನ್ನಿಸುತ್ತದೆ. ಒಂದು ಶುಕ್ರವಾರ ತಪ್ಪಿಸಿ, ಶನಿವಾರ ಪ್ಲೇಟು ‘ಸಿಕ್ಕಿತು’ ಅಂದುಬಿಡುವ ಲೆಕ್ಕಾಚಾರ ಇದ್ದಿರಬೇಕು.

“ಹೇಗೆ ಸಾರ್ ಆಗುತ್ತೆ? ಕಾಯೋ ತಿಂಗಳು ಇದೆಯಲ್ಲ,” ಅಂದಳು ಅವಳು, ಗೋಡೆಯ ಬೋರ್ಡು ತೋರಿಸಿ. “ಕಳೆದದ್ದು ಸಿಕ್ಕಿಬಿಟ್ರೆ?”

“ಅದು… ಅದೇನು ಕಾನೂನಲ್ಲಮ್ಮ. ಅದನ್ನ ನಾನೇ…”

“ಸಾರ್, ನನ್ನ ಪರೀಕ್ಷೆ ಮಾಡ್ತಿದೀರಾ?” ಅಂತ ನಕ್ಕಳು ಹುಡುಗಿ. “ಅಳಲಿ, ಕೂಗಾಡ್ಲಿ, ಯಾರಿಗೂ ಬಿಡ್ಬಾರದು ಅಂತ ನೀವೇ ಹೇಳ್ಕೊಟ್ಟಿದ್ದು. ನಾನು ಇವತ್ತಿನವರೆಗೂ ಯಾರಿಗೂ ಬಿಟ್ಟಿಲ್ಲ ಸಾರ್.”

ಮಾಡಿದ್ದುಣ್ಣೋ ಮಹರಾಯ. ಸಾಲಿನಲ್ಲಿ ಹಿಂದೆ ನಿಂತವನೊಬ್ಬ “ಬೇಗ ಮುಗಿಸ್ರೀ ಯಜಮಾನ್ರೇ” ಅಂತ ಗದರಿದ. ಆ ಕ್ಷಣಕ್ಕೆ ನನಗೆ ಹೊಟ್ಟೆ ತುಂಬಾ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ತಿರುಗಿ ಅಕ್ಕನನ್ನು ನೋಡಿದೆ, ಖುಷಿಯೆಲ್ಲ ಇಳಿದುಹೋಯಿತು. ಅವಳು ಬೆಂಚಿನ ಮೇಲೆ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಕಾಯುವ ತಿಂಗಳು ಮುಗಿದು, ಪ್ಲೇಟು ಮಾಡುವವರ ಸರದಿ ಬಂದು, ಪರೀಕ್ಷೆಗೆ ಮತ್ತೆ ದಿನ ಸಿಗುವಷ್ಟರಲ್ಲಿ ಅರ್ಧ ವರ್ಷವೇ ಉರುಳಿತು. ಅದರಲ್ಲಿ ಬಹುಪಾಲು ಕಾರು ಅಂಗಳದಲ್ಲೇ ನಿಂತಿತ್ತು. ಅಂದರೆ ಮೊದಲು ಬರುತ್ತಿದ್ದಷ್ಟು ಕೂಡ ಅಕ್ಕ ಬರಲಾಗಲಿಲ್ಲ. ಒಂದು ಸಲ ಬಸ್ಸಿನಲ್ಲಿ ಬಂದಳು. ದಾರಿಯಲ್ಲಿ ಎರಡು ಕಡೆ ವಾಂತಿ ಮಾಡಿಕೊಂಡು, ಮುಖ ಬಿಳಿಚಿಕೊಂಡು ಬಂದು ಹಾಸಿಗೆಯಲ್ಲಿ ಬಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿ ನನ್ನನ್ನು ಕೇಳಿದಳು, “ಯಾರೇ ಇವಳು, ಪಾಪ, ಹುಷಾರಿಲ್ವಾ?” ಅಕ್ಕನಿಗೆ ಕೇಳಿಸಿತು. ಗೋಡೆಯ ಕಡೆ ಹೊರಳಿಕೊಂಡಳು. ನಾನು ಅವತ್ತು ಭಾವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವರು ಫೋನು ಇಡದೆ ಪೂರ್ತಿ ಕೇಳಿಸಿಕೊಂಡರು.

ಹಳೇ ಪ್ಲೇಟು ಎಲ್ಲಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಅಟ್ಟದಲ್ಲಿ, ಹಾಸಿಗೆ ಸುರುಳಿಯ ನಡುವೆ. ಅಕ್ಕ ಧೂಳು ಹೊಡೆಯುವಾಗ ಕೈಗೆ ಸಿಕ್ಕಿತಂತೆ.

“ಏನು ಮಾಡ್ದೆ?” ಅಂದೆ.

“ಒರೆಸಿ ಅಲ್ಲೇ ಇಟ್ಟೆ.”

“ತಗೊಂಡು ಹೋಗಿ ಸ್ಟೇಷನ್‌ಗೆ ಕೊಡ್ಬೇಕಿತ್ತು! ಬುದ್ಧಿ ಬರ್ತಿತ್ತು ಭಾವಂಗೆ.”

“ಅವರನ್ನ ಒಳಗೆ ಹಾಕ್ತಾರೆ. ಆಮೇಲೆ ದಿನಾ ಊಟ ತಗೊಂಡು ಹೋಗಿ ಕೊಡೋಳು ನಾನೇ ತಾನೇ?” ಅಂದಳು ಅಕ್ಕ. ನಗುತ್ತಿರಲಿಲ್ಲ.

ಕೊನೆಗೂ ಹೊಸ ಪ್ಲೇಟು ಬಂತು, ಪರೀಕ್ಷೆಯ ದಿನವೂ ಬಂತು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರೊಬ್ಬರು ಕೂರಬೇಕು; ಭಾವನೇ ಕೂತು ಮೈದಾನಕ್ಕೆ ಹೋದರು. ಅಕ್ಕ ಮೊದಲ ಸಲಕ್ಕೇ ಪಾಸು. ಎಂಟರ ಆಕಾರದ ತಿರುವನ್ನು ಒಂದು ಕಂಬಕ್ಕೂ ತಾಗಿಸದೆ ಮುಗಿಸಿದಳಂತೆ. ಇನ್‌ಸ್ಪೆಕ್ಟರು “ಯಾರಮ್ಮ ಕಲಿಸಿದ್ದು, ಯಜಮಾನ್ರಾ?” ಅಂತ ಕೇಳಿದರಂತೆ. ಭಾವ ಬಾಯಿ ತೆರೆಯುವ ಮೊದಲೇ ಅಕ್ಕ “ಅಲ್ಲ” ಅಂದಳಂತೆ.

ಲೈಸೆನ್ಸ್ ಕೈಗೆ ಬಂದ ದಿನವೇ ನಮ್ಮ ಮನೆಗೆ ಹೊರಟಳು. ಭಾವ “ನಾನೂ ಬರ್ಲಾ?” ಅಂತ ಕೇಳಿದರಂತೆ. ಕೇಳಿದ್ದು, ನೋಡಿ! “ಬನ್ನಿ, ಆದ್ರೆ ನಾನು ಸಂಜೆವರೆಗೆ ಏಳಲ್ಲ” ಅಂದಳಂತೆ ಅಕ್ಕ. ನಾನು ಮಿಷನ್ ಮುಂದೆ ಕೂತು ಒಂದು ರವಿಕೆಗೆ ತೋಳು ಕೂಡಿಸುತ್ತಿದ್ದೆ. ಕಿಟಕಿಯಿಂದ ಕಾರು ಬಂದು ನಿಂತದ್ದು ಕಂಡಿತು. ಅಕ್ಕ ಇಳಿದಳು, ಸ್ಟೇರಿಂಗ್ ಕಡೆಯಿಂದ. ಅವಳ ನಡಿಗೆಯೇ ಬೇರೆಯಾಗಿತ್ತು. ನನಗೆ ಶಿಳ್ಳೆ ಹೊಡೆಯಬೇಕು ಅನ್ನಿಸಿತು.

ಅಮ್ಮನೂ ನೋಡುತ್ತಿದ್ದಳು. ಅಕ್ಕ ಒಳಗೆ ಬಂದು ಎದುರಿಗೆ ನಿಂತಾಗ ಅವಳ ಕಣ್ಣು ಹೊಳೆಯಿತು.

“ಆ ಕಾರು ನೀನೇ ಓಡಿಸ್ಕೊಂಡು ಬಂದ್ಯಾ?”

“ಹೂಂ ಅಮ್ಮ, ನಾನೇ.”

“ಭೇಷ್! ಹೆಣ್ಣು ಅಂದ್ರೆ ಹೀಗಿರ್ಬೇಕು.” ಅಮ್ಮ ಪಕ್ಕದ ಸ್ಟೂಲನ್ನು ತಟ್ಟಿ ತೋರಿಸಿದಳು. “ಕೂತ್ಕೋಮ್ಮ. ಯಾರ ಮನೆಯವಳು ನೀನು?”

ಅಕ್ಕ ಕೂತಳು. ಅಮ್ಮನ ಕೈ ಹಿಡಿದುಕೊಂಡು ಎಂದಿನಂತೆ ಕಾದಳು. ನಾನು ಮಿಷನ್ ನಿಲ್ಲಿಸಿದೆ. ಭಾವ ಬಾಗಿಲಲ್ಲಿ ನಿಂತಿದ್ದರು. ಹೊತ್ತು ಹೋಯಿತು. ಈ ಸಲ ಅವಸರವಿಲ್ಲ, ಬೇಕಾದಷ್ಟು ಹೊತ್ತಿದೆ ಅಂದುಕೊಂಡೆ. ಅಮ್ಮ ಅಕ್ಕನ ಮುಖವನ್ನೇ ನೋಡಿದಳು, ತಲೆಯಿಂದ ಕಾಲಿನವರೆಗೆ ನೋಡಿದಳು, ಗುರುತಿನ ಒಂದು ಎಳೆಯೂ ಬರಲಿಲ್ಲ. ಆಮೇಲೆ ಗುಟ್ಟು ಹೇಳುವವಳಂತೆ ಮುಂದೆ ಬಾಗಿದಳು.

“ನಂಗೂ ಒಬ್ಳು ದೊಡ್ಡ ಮಗಳಿದಾಳೆ. ಪಾಪದ್ದು. ಗಂಡ ಕರ್ಕೊಂಡು ಬಂದ್ರೆ ಬಂದ್ಲು, ಇಲ್ಲಾಂದ್ರೆ ಇಲ್ಲ. ಬಂದ್ರೂ ನಿಲ್ಲೋಕೆ ಬಿಡಲ್ಲ ಅವನು. ಅವಳಿಗೂ ಸ್ವಲ್ಪ ಕಾರು ಕಲಿಸಿಕೊಡ್ತೀಯಾಮ್ಮ?”

ಬಾಗಿಲ ಕಡೆ ನೋಡಿದರೆ ಭಾವ ಚೌಕಟ್ಟನ್ನು ಹಿಡಿದುಕೊಂಡಿದ್ದರು.

“ಕಲಿಸ್ತೀನಮ್ಮ,” ಅಂದಳು ಅಕ್ಕ. “ಕಲಿತ ಮೇಲೆ ದಿನಾ ಬರ್ತಾಳೆ ನಿನ್ನ ಹತ್ರ.”

“ಅಯ್ಯೋ, ದಿನಾ ಯಾಕೆ?” ಅಂದಳು ಅಮ್ಮ. “ನಂಗೆ ಅವಳ ಗುರುತು ಮರೆತು ಹೋಗೋದ್ರೊಳಗೆ ಒಂದ್ಸಲ ಬಂದು ಹೋದ್ರೆ ಸಾಕು.”